ನಾನು ಸಾಕಿದ ತಿಗಣೆಗಳು

ಹುಳ ಕೊಲ್ಲುವವನಿಗೆ ಊರಿನಲ್ಲಿ ಮರ್ಯಾದೆ ಇರುತ್ತದೆ, ಸಾಕುವವನಿಗೆ ಬರೀ ಇಂಥ ಪ್ರಸಂಗಗಳೇ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅರೆಕಾಲಿಕ ಉಪನ್ಯಾಸಕನಾಗಿದ್ದೆ. ಪಿಎಚ್.ಡಿ.ಗೆ ನನ್ನ ಗೈಡು ಕೊಟ್ಟ ವಿಷಯ ಇಲಿಬಿಲಗಳ ಹತ್ತಿರ ಇರುವ ಒಂದು ದೊಡ್ಡ ತಿಗಣೆ. ಕಪ್ಪು ಮೈ, ಕಿತ್ತಳೆ ಅಂಚು, ಹೆಬ್ಬೆರಳಿನ ಉಗುರಿಗಿಂತ ಉದ್ದ, ಊಟಕ್ಕೆ ರಕ್ತ. ಇದರ ಬಳಗದವೇ ದಕ್ಷಿಣ ಅಮೆರಿಕದಲ್ಲಿ ಚಾಗಸ್ ಎಂಬ ರೋಗ ಹರಡುತ್ತವೆ, ಅದು ವರ್ಷಗಟ್ಟಲೆ ಒಳಗೇ ಇದ್ದು ಹೃದಯ ಕೆಡಿಸುತ್ತದೆ. ನಮ್ಮಲ್ಲಿ ಆ ರೋಗ ಇಲ್ಲ, ಹುಳ ಮಾತ್ರ ಇದೆ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಅದನ್ನು ಸಾಕಿ ಬರೆದಿಡಬೇಕಿತ್ತು. ನಡುವೆ ಸತ್ತರೆ ಮತ್ತೆ ಮೊದಲಿನಿಂದ. ಹುಳ ಬದುಕಿದರೆ ಪದವಿ, ಪದವಿ ಬಂದರೆ ಕಾಯಂ ಕೆಲಸ, ಕೆಲಸ ಬಂದರೆ ಹೆಣ್ಣು ಎಂದು ನಮ್ಮೂರು ನಂದಿಗುಡಿಯಲ್ಲಿ ನಮ್ಮವ್ವ ಕಾಯುತ್ತಿದ್ದಳು.

ಇಲಿಯೇ ಇಲ್ಲದ ಊರು

ತಿಗಣೆ ಬೇಕೆಂದರೆ ಮೊದಲು ಇಲಿ ಬೇಕು. ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿ, ಕಾಳಿನ ಗೋದಾಮು ಎಂದು ದಾವಣಗೆರೆಯ ಒಂದೊಂದೇ ಬಾಗಿಲು ತಟ್ಟಿ, ನಿಮ್ಮಲ್ಲಿ ಇಲಿ ಇವೆಯೇ ಎಂದು ಕೇಳಿದೆ. ಕೈಯಲ್ಲಿ ನೋಟ್‌ಬುಕ್ಕು, ಕಣ್ಣಿಗೆ ಕನ್ನಡಕ. ಎಲ್ಲರೂ ನನ್ನನ್ನು ಫುಡ್ ಇನ್‌ಸ್ಪೆಕ್ಟರ್ ಎಂದುಕೊಂಡರು. ನಾಲ್ಕು ದಿನ ತಿರುಗಿದ ಮೇಲೆ ದಾವಣಗೆರೆಯಲ್ಲಿ ಇಲಿಯ ಸಂತತಿಯೇ ಅಳಿದುಹೋಗಿದೆ ಎಂದು ನನಗೆ ಖಾತ್ರಿಯಾಯಿತು.

ಒಬ್ಬ ಭಟ್ಟಿ ಯಜಮಾನರು, ನಮ್ಮಪ್ಪನ ಕಾಲದಿಂದಲೂ ಇಲ್ಲಿ ಇಲಿ ಬಂದಿಲ್ಲ ಎನ್ನುತ್ತಿದ್ದಾಗಲೇ ಒಂದು ದಪ್ಪ ಇಲಿ ಮಂಡಕ್ಕಿ ಚೀಲದಿಂದ ಇಳಿದು, ನಮ್ಮಿಬ್ಬರ ನಡುವೆ ನಿಧಾನಕ್ಕೆ ಹಾದು ಹೋಯಿತು. ಇಬ್ಬರೂ ಅದು ಬಾಗಿಲು ದಾಟುವವರೆಗೆ ನೋಡಿದೆವು.

"ಅದು ಪಕ್ಕದ ಭಟ್ಟೀದ್ರಿ," ಎಂದರು ಯಜಮಾನರು.

ಉಪಕಾರ

ಕೊನೆಗೆ ಹರಿಹರದಲ್ಲಿ, ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಹಳೇ ಜೋಳದ ಗೋದಾಮಿನಲ್ಲಿ ನನ್ನ ಅದೃಷ್ಟ ಖುಲಾಯಿಸಿತು. ಮಣ್ಣಿನ ಗೋಡೆಯ ಬಿರುಕಿನಲ್ಲಿ ದೊಡ್ಡವು, ಮರಿ, ಮೊಟ್ಟೆ, ಇಡೀ ಸಂಸಾರವೇ ಇತ್ತು. ನಾಳೆ ಬಾಟಲಿ ತಂದು ಹಿಡಿಯುತ್ತೇನೆ ಎಂದೆ. ಗೋದಾಮಿನ ಮಾಲೀಕರು ವಯಸ್ಸಾದ ಸಾಧು ಮನುಷ್ಯ. ಈ ಹುಳ ಹೋಗಬೇಕಾದರೆ ಏನು ಮಾಡಬೇಕು ಎಂದು ಕೇಳಿದರು. ಪಾಠ ಮಾಡುವ ಚಟ ನನ್ನದು. ಬಿರುಕು ಮುಚ್ಚಬೇಕು, ಇಲಿಬಿಲ ಮುಚ್ಚಬೇಕು, ಸುಣ್ಣ ಬಳಿಯಬೇಕು, ಅಡಗಲು ಜಾಗ ಇಲ್ಲದಿದ್ದರೆ ಅದು ಉಳಿಯುವುದಿಲ್ಲ ಎಂದು ಅರ್ಧ ಗಂಟೆ ವಿವರಿಸಿದೆ.

ಮರುದಿನ ಮೊದಲ ಬಸ್ಸಿಗೆ ಹೋದೆ. ಗೋಡೆ ಹಾಲಿನಂತೆ ಬೆಳ್ಳಗಿತ್ತು. ಅಷ್ಟು ವರ್ಷದ ಪಾಠದಲ್ಲಿ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದವರು ಅವರೊಬ್ಬರೇ. ಒಂದನ್ನೂ ಬಿಟ್ಟಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ನನಗೆ ಅಳು ಬಂತು. ಹೊರಗೆ ಎಸೆದಿದ್ದ ಹರಕು ಗೋಣಿಚೀಲಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಹುಡುಕಿದೆ. ಹೊಲಿಗೆಗಳ ಸಂದಿಯಲ್ಲಿ ನಲವತ್ತು ಮೊಟ್ಟೆ ಸಿಕ್ಕವು. ಒಂದೊಂದನ್ನೂ ಹತ್ತಿಯಲ್ಲಿಟ್ಟು ಬಾಟಲಿಗೆ ಇಳಿಸುವುದನ್ನು ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗುಮಾಸ್ತನನ್ನು ಕರೆದರು.

"ಮೇಷ್ಟ್ರಿಗೆ ಒಂದ್ ಲೋಟ ಮಜ್ಜಿಗಿ ಕೊಡ್ರಿ. ಬಿಸಿಲು ತಲಿಗೆ ಹತ್ತೈತೆ."

ಹದಡಿಯ ಅಜ್ಜಿ

ಮೊಟ್ಟೆ ಒಡೆದು ಮರಿಗಳಾದವು. ಆ ಹುಮ್ಮಸ್ಸಿನಲ್ಲಿ ಹದಡಿಯ ಎನ್ನೆಸ್ಸೆಸ್ ಶಿಬಿರದಲ್ಲಿ ಭಾಷಣಕ್ಕೆ ಒಪ್ಪಿಕೊಂಡೆ. ಗೈಡೂ ಬಂದಿದ್ದರು. ದಕ್ಷಿಣ ಅಮೆರಿಕದ ಬಡವರ ಮಣ್ಣಿನ ಮನೆ, ಗೋಡೆಯ ಬಿರುಕು, ಮಲಗಿದವರ ಮುಖ ಕಚ್ಚುವ ಹುಳ, ಎಲ್ಲ ಹೇಳಿದೆ. ಕಚ್ಚಿದ್ದರಿಂದಲ್ಲ, ಕುಡಿದು ಅಲ್ಲೇ ಹೇತು ಹೋಗುತ್ತದಲ್ಲ, ಅದನ್ನು ನಾವೇ ಕೆರೆದು ಗಾಯಕ್ಕೆ ಸೇರಿಸಿಕೊಳ್ಳುವುದರಿಂದ ರೋಗ ಎಂದೆ. ಮುಂದೆ ಕೂತಿದ್ದ ಒಬ್ಬ ಅಜ್ಜಿ ಕೈ ಎತ್ತಿದಳು.

"ಆ ಊರಾಗ ಹಬ್ಬಕ್ಕ ಗ್ವಾಡಿ ಸಾರ್ಸಿ ಸುಣ್ಣ ಹಚ್ಚಾದಿಲ್ಲೇನಪ್ಪಾ?"

ಅಲ್ಲಿನ ಸರ್ಕಾರಗಳು ಕೊನೆಗೆ ಜನರಿಗೆ ಹೇಳಿಕೊಡುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ, ಜೊತೆಗೆ ಔಷಧಿ ಸಿಂಪಡಿಸುತ್ತಾರೆ ಎಂದೆ. ವಾಪಸ್ ಬರುವಾಗ ಗೈಡು ಬಸ್ಸಿನಲ್ಲಿ, ಅಜ್ಜಿಯ ಮಾತನ್ನು ಪ್ರಬಂಧದ ಐದನೇ ಅಧ್ಯಾಯಕ್ಕೆ ಹಾಕಿಕೋ ಎಂದರು. ಹಾಕಿದೆ. ಇಂಗ್ಲಿಷಿನಲ್ಲಿ ಅದು ಇಪ್ಪತ್ತೆರಡು ಪುಟ ಆಯಿತು.

ಹೆಣ್ಣಿನ ಕಡೆಯವರು

ಈ ಹುಳ ದೊಡ್ಡದಾಗುವಾಗ ಐದು ಸಲ ಪೊರೆ ಬಿಡುತ್ತದೆ, ಪ್ರತಿ ಸಲಕ್ಕೂ ಮುಂಚೆ ಹೊಟ್ಟೆ ತುಂಬ ರಕ್ತ ಬೇಕು. ಮೊದಮೊದಲು ಬಾಟಲಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ ನನ್ನ ಮುಂಗೈಯನ್ನೇ ಕೊಟ್ಟೆ. ಮರಿಗಳು ದೊಡ್ಡವಾದಂತೆ ನನ್ನೊಬ್ಬನಿಂದ ಪೂರೈಸಲಿಲ್ಲ. ಒಂದು ಕೋಳಿ ತಂದೆ. ಕಾಲೇಜಿನಲ್ಲಿ ಕೋಳಿ ಕೂಡದೆಂದರು ಪ್ರಿನ್ಸಿಪಾಲರು. ಆಗ ನಾನಿದ್ದದ್ದು ಬೆಳಗಾದರೆ ಲಿಂಗಪೂಜೆ ಮಾಡುವ ಮಂಡಿ ಸಾಹುಕಾರರೊಬ್ಬರ ಹಿತ್ತಲ ಕೋಣೆಯಲ್ಲಿ. ಬೇರೆ ದಾರಿ ಕಾಣದೆ ಕೋಳಿಯನ್ನು ಅಲ್ಲೇ ಬುಟ್ಟಿಯಡಿ ಮುಚ್ಚಿಟ್ಟೆ. ನಾವೂ ಲಿಂಗಾಯತರೇ. ಮೊಟ್ಟೆಯ ವಾಸನೆಯೂ ಗೊತ್ತಿಲ್ಲದ ಮನೆತನ.

ಪದವಿ ಬರುವುದನ್ನು ಕಾಯದೆ ಅವ್ವ ಒಂದು ಸಂಬಂಧ ಗೊತ್ತು ಮಾಡಿದಳು. ಹುಡುಗಿಯ ಫೋಟೋ ನೋಡಿ ನನಗೂ ಮನಸ್ಸಾಗಿತ್ತು, ಅದನ್ನೇಕೆ ಮುಚ್ಚಿಡಲಿ. ಹುಡುಗಿಯ ತಂದೆ ಹರಿಹರದಿಂದ ಬಂದು, ಸಾಹುಕಾರರ ಜೊತೆ ನನ್ನ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಕೋಳಿ ಅದೇ ಹೊತ್ತಿಗೆ ಮೊಟ್ಟೆ ಇಟ್ಟು, ಸುದ್ದಿಯನ್ನು ಓಣಿಗೆಲ್ಲ ಸಾರಿತು.

ಸಾಹುಕಾರರು ಬುಟ್ಟಿ ಎತ್ತಿ ನೋಡಿ, ಹಾಗೆಯೇ ಮುಚ್ಚಿ, ಶಿವ ಶಿವಾ ಎಂದರು. ಹುಡುಗಿಯ ತಂದೆ ಮಾತ್ರ ದೊಡ್ಡ ಮನಸ್ಸಿನವರು. ಹೊರಗಿದ್ದು ಓದುವ ಹುಡುಗರು ಒಂದೊಂದು ಸಲ ತಿನ್ನುತ್ತಾರೆ, ಮದುವೆಯಾದ ಮೇಲೆ ಬಿಟ್ಟರಾಯಿತು, ಈ ವಿಷಯ ಇಲ್ಲಿಗೇ ಇರಲಿ ಎಂದರು. ಸುಮ್ಮನಿದ್ದಿದ್ದರೆ ಸಂಬಂಧ ಕುದುರುತ್ತಿತ್ತು. ಆದರೆ ನನ್ನ ಕುಲದ ಅಭಿಮಾನ ಕೆರಳಿತು. ಮಂಚದಡಿಯಿಂದ ಬಾಟಲಿ ತೆಗೆದು ಅವರ ಮುಂದಿಟ್ಟೆ. ಆಗಷ್ಟೇ ಕುಡಿದ ನಲವತ್ತೂ ದ್ರಾಕ್ಷಿಯ ಹಾಗೆ ಉಬ್ಬಿದ್ದವು. ಕೋಳಿ ನನಗಲ್ಲ, ಇವಕ್ಕೆ ಎಂದೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು.

"ಇವನ್ನ ಸಾಕೀರಾ?"

"ಹೌದ್ರಿ."

"ಬೇಕಂತಾ?"

"ಹೌದ್ರಿ. ಕೋಳಿ ಇಲ್ದಿದ್ರೆ ನಾನೇ ಕೈ ಕೊಡ್ತೀನಿ," ಎಂದು ಅಂಗಿಯ ತೋಳು ಮಡಚಿ ಗುರುತುಗಳನ್ನು ತೋರಿಸಿದೆ.

ಅವರು ಚಹಾ ಅರ್ಧಕ್ಕೇ ಇಟ್ಟು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಸಾಹುಕಾರರನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ನನಗೂ ಕೇಳಿಸಿತು.

"ಹುಡುಗ ಒಳ್ಳೇನದಾನೆ. ಒಂದ್ ಬುದ್ಧಿ ಹೇಳ್ರಿ ಅವಂಗೆ. ಇನ್ನೊಮ್ಮೆ ಯಾರಾರ ಹೆಣ್ಣು ಕೊಡಾಕೆ ಬಂದ್ರೆ, ಕೋಳಿ ತಿಂತೀನಿ ಅಂತ ಒಪ್ಕಂಡ್ಬಿಡು ಅನ್ರಿ."