ನಾಲ್ಕು ಗುಳಿಗೆಗೆ ಒಂದೇ ಗುಳಿಗೆ

ಒಂಟಿಯಾಗಿರುವವರಿಗೆ ಊಟದ್ದೇ ಕಷ್ಟ ಎಂದು ಎಲ್ಲರೂ ಮರುಗುತ್ತಾರೆ. ಅದು ಸುಳ್ಳು. ತಿಪಟೂರಿನಲ್ಲಿ ಹೋಟೆಲುಗಳಿಗೇನೂ ಬರವಿಲ್ಲ. ಸಿಗದಿರುವುದು ಮಾತು. ಫಾರ್ಮಸಿ ಪಾಠ ಹೇಳುವ, ನಲವತ್ತು ದಾಟಿದ ಬ್ರಹ್ಮಚಾರಿ ನಾನು. ತರಗತಿಯಲ್ಲಿ ಗಂಟಲು ಹರಿಯುವಷ್ಟು ಮಾತಾಡಿದರೂ ಅದು ಲೆಕ್ಕಕ್ಕಿಲ್ಲ, ಕೇಳುವವರು ಹಾಜರಿಗಾಗಿ ಬಂದವರು.

ನನ್ನ ಕೆಲಸವೆಲ್ಲ ಪ್ರಯೋಗಶಾಲೆಯ ತ್ರೀಡಿ ಪ್ರಿಂಟರಿನೊಂದಿಗೆ. ಔಷಧಿ ಬೆರೆಸಿದ ಹಿಟ್ಟನ್ನು ಚಕ್ಕುಲಿ ಒರಳಿನಂತೆ ಎಳೆ ಎಳೆಯಾಗಿ ಒತ್ತಿ, ಪದರದ ಮೇಲೆ ಪದರ ಕಟ್ಟಿ ಮಾತ್ರೆ ಮಾಡುವ ಯಂತ್ರ ಅದು. ಒಂದೇ ಮಾತ್ರೆಯಲ್ಲಿ ನಾಲ್ಕು ಔಷಧಿ ಸೇರಿಸಿ, ಒಂದೊಂದೂ ತನ್ನ ಹೊತ್ತಿಗೆ ಸರಿಯಾಗಿ ಕರಗುವಂತೆ ಮಾಡಬೇಕೆಂಬುದು ನನ್ನ ಹಟ.

ಹಟ ಹುಟ್ಟಿಸಿದವರು ಮನೆಯೊಡತಿ ಗಂಗಮ್ಮನವರು. ಯಜಮಾನರು ತೀರಿಕೊಂಡ ಮೇಲೆ ಕೆಳಗೆ ಅವರೊಬ್ಬರೇ; ಮೇಲೆ, ಕೊಬ್ಬರಿ ಅಟ್ಟದ ಪಕ್ಕದ ಕೋಣೆಯಲ್ಲಿ ನಾನೊಬ್ಬನೇ. ದಿನಾ ಸಂಜೆ ಕೂಗುತ್ತಿದ್ದರು: "ಮೇಷ್ಟ್ರೇ, ವಸಿ ಬನ್ನಿ, ಇದ್ಯಾವ ಗುಳಿಗೆ ನೋಡಿ." ಅವರ ದಿನದ ನಾಲ್ಕು ಗುಳಿಗೆಗಳನ್ನೂ ವಿಂಗಡಿಸಿ ಕೊಡುತ್ತಿದ್ದೆ. ಕಾಫಿ ಬರುತ್ತಿತ್ತು, ಅರಳಗುಪ್ಪೆಯ ತವರಿನ ಸುದ್ದಿ ಬರುತ್ತಿತ್ತು.

ಕೊನೆಗೊಂದು ದಿನ ನನ್ನ ಮಾತ್ರೆ ಬೀಕರಿನಲ್ಲಿ ಅಂದುಕೊಂಡಂತೆಯೇ ಕರಗಿತು. ಔಷಧಿಯಿಲ್ಲದ ಮಾದರಿಯೊಂದನ್ನು ಹಿಡಿದು ಓಡಿ ಬಂದೆ. "ಮನುಷ್ಯರಿಗೆ ಕೊಡಲು ಇನ್ನೂ ವರ್ಷಗಳು ಬೇಕು. ಆದರೆ ಬಂತೆಂದರೆ ದಿನಕ್ಕೊಂದೇ! ನೀವು ಯಾರನ್ನೂ ಕೇಳಬೇಕಾಗಿಲ್ಲ."

ಅವರು ತಿರುಗಿಸಿ ನೋಡಿ ವಾಪಸು ಕೊಟ್ಟರು. "ಚೆನ್ನಾಗೈತೆ ಬುಡಿ. ನೀವು ಕೆಳಗಿಳ್ಯೋ ಕೆಲ್ಸಾನೂ ತಪ್ತು."

ಮರುದಿನ ಕೂಗು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೆಟ್ಟಿಲ ಮೇಲೆ ನಿಂತು ಸುಮ್ಮಸುಮ್ಮನೆ ಕೆಮ್ಮಿದೆ. ಮೂರನೆಯ ದಿನ ಕೆಮ್ಮು ನಿಜವಾಯಿತು, ಜ್ವರವೂ ಬಂತು. ನೋಯುವ ಮಂಡಿ ಹಿಡಿದುಕೊಂಡು ಗಂಗಮ್ಮ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಗಂಜಿ, ಜೊತೆಗೆ ಜ್ವರದ ಮಾತ್ರೆ. ಸರಿಯಾದದ್ದೇ!

"ಇದೇ ಮಾತ್ರೆಯೆಂದು ನಿಮಗೆ ಹೇಗೆ ಗೊತ್ತಾಯಿತು?" ಎಂದೆ.

"ನಮ್ಮ ಯಜಮಾನ್ರಿಗೆ ಹತ್ತು ವರ್ಸ ಗುಳಿಗೆ ಕೊಟ್ಟೋಳು ನಾನು. ನನ್ನ ನಾಕು ನಂಗೆ ಗೊತ್ತಾಗಕಿಲ್ವಾ?"

"ಮತ್ತೆ ದಿನಾ ಯಾಕೆ ಕರೆಯುತ್ತಿದ್ದಿರಿ?"

"ನೀವು ಒಬ್ರೇ ಮಾತಾಡ್ಕೊಳ್ಳೋದು ಕೆಳಕ್ಕೆ ಕೇಳುಸ್ತದೆ ಕಣ್ರೀ."

ನಾನು ಒಬ್ಬನೇ ಮಾತಾಡುತ್ತೇನೆಂಬುದು ನನಗೇ ತಿಳಿದಿರಲಿಲ್ಲ. ಗಂಜಿ ಬಿಸಿಯಿತ್ತೆಂದು ಕಣ್ಣೊರೆಸಿಕೊಂಡೆ.

ಈಗ ಕರೆಯದಿದ್ದರೂ ಇಳಿದು ಹೋಗುತ್ತೇನೆ. ನಿನ್ನೆ ಅವರೆಕಾಯಿ ಬಿಡಿಸಲು ಕೊಟ್ಟರು. ಕೂದಲೆಳೆಯ ಅಳತೆಯಲ್ಲಿ ಔಷಧಿ ಒತ್ತುವ ನಾನು ಕಾಳನ್ನು ಕಸಕ್ಕೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿದ್ದೆ. ಗಂಗಮ್ಮ ಸ್ವಲ್ಪ ಹೊತ್ತು ನೋಡಿ, ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಕಾಳು ನಾನು ಬಿಡುಸ್ತೀನಿ ಮೇಷ್ಟ್ರೇ. ನೀವು ಮಾತಾಡಿ."