ಅತ್ತೆಯ ಶರ್ಟು ಸ್ಟೇಜು ಹತ್ತಿದ್ದು

ನಮ್ಮ ಸೋದರತ್ತೆ ಇದುವರೆಗೆ ಒಂದೇ ಒಂದು ಸಿನಿಮಾವನ್ನೂ ಪೂರ್ತಿಯಾಗಿ ನೋಡಿದವಳಲ್ಲ. ಆದರೆ ಸಿನಿಮಾದವರ ವಿಷಯದಲ್ಲಿ ಅವಳಿಗಿರುವಷ್ಟು ತಿಳಿವಳಿಕೆ ಅವರನ್ನು ಹೆತ್ತವರಿಗೂ ಇರಲಾರದು! ಯಾವ ನಾಯಕಿಯ ಬ್ಲೌಸು ಕಂಕುಳಲ್ಲಿ ಹಿಡಿಯುತ್ತದೆ, ಯಾವ ನಾಯಕನ ಪ್ಯಾಂಟು ಸೊಂಟದಲ್ಲಿ ನಿಲ್ಲುವುದಿಲ್ಲ, ಯಾರ ಲಂಗಕ್ಕೆ ಒಳಗಿನಿಂದ ಎಷ್ಟು ಪಿನ್ನು ಚುಚ್ಚಿದ್ದಾರೆ, ಎಲ್ಲವೂ ಅವಳಿಗೆ ಗೊತ್ತು. ಹೇಗೆ ಅಂತೀರಾ? ಸ್ವಲ್ಪ ತಾಳಿ, ಹೇಳುತ್ತೇನೆ.

ಅತ್ತೆ ಆಂಧ್ರದ ಕಲ್ಯಾಣದುರ್ಗದಲ್ಲಿ ಲೇಡೀಸ್ ಟೈಲರು. ಅಂಗಡಿ ಇರುವುದು ಸಿನಿಮಾ ಥಿಯೇಟರಿನ ಗೋಡೆಗೆ ಒತ್ತಿಕೊಂಡು. ಅವಳ ಅಣ್ಣ, ಅಂದರೆ ನಮ್ಮಪ್ಪ, ಹಿಂದೂಪುರದ ಪೇಟೆಯಲ್ಲಿ ಜೆಂಟ್ಸ್ ಟೈಲರು. ತೀರಿಕೊಂಡ ತಾತನೂ ಟೈಲರೇ. ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಮುಖ ನೋಡುವ ಮೊದಲು ಅಳತೆ ತೆಗೆಯುತ್ತಿದ್ದರಂತೆ! ಸೂಜಿಗೆ ದಾರ ಪೋಣಿಸಲು ಬಾರದವಳು ನಾನೊಬ್ಬಳೇ. ಹಾಗಾಗಿ ಹಿಂದೂಪುರದಲ್ಲೇ ಒಂದು ಕಾಲೇಜಿನ ಲೈಬ್ರರಿ ಸೇರಿಕೊಂಡೆ. ರಜೆ ಸಿಕ್ಕರೆ ಕಲ್ಯಾಣದುರ್ಗದ ಬಸ್ಸು ಹತ್ತುತ್ತೇನೆ.

ಅತ್ತೆಯ ಗುರುತು ಅಂದರೆ ಶರ್ಟು. ಸೀರೆಯ ಮೇಲೆ ಗಂಡಸರ ತಿಳಿನೀಲಿ ಪಾಪ್ಲಿನ್ ಶರ್ಟು! ನಮ್ಮ ಕಡೆ ಹೊಲಕ್ಕೆ ಹೋಗುವ ಹೆಂಗಸರು ಬಿಸಿಲಿಗೆ, ಮುಳ್ಳಿಗೆ ಅಂತ ಸೀರೆಯ ಮೇಲೆ ಶರ್ಟು ಹಾಕುವುದುಂಟು. ಮನೆಗೆ ಬಂದ ಕೂಡಲೇ ಬಿಚ್ಚಿ ಗೂಟಕ್ಕೆ ಹಾಕುತ್ತಾರೆ. ಅತ್ತೆ ಬಿಚ್ಚುವುದಿಲ್ಲ. ಅಂಗಡಿಗೂ ಅದೇ, ಬ್ಯಾಂಕಿಗೂ ಅದೇ, ನನ್ನ ಮದುವೆಗೂ ಅದೇ. ರೇಷ್ಮೆ ಸೀರೆ, ಮಲ್ಲಿಗೆ ಹೂವು, ಮೇಲೆ ಆ ಶರ್ಟು! ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಫೋಟೋದವನು ಅವಳನ್ನು ಎಷ್ಟು ಸಲ ಅಂಚಿಗೆ ತಳ್ಳಿದರೂ ಎಲ್ಲೋ ಒಂದು ಕಡೆ ನೀಲಿ ತೋಳು ಇಣುಕುತ್ತಲೇ ಇದೆ.

ಯಾಕೆ ಅತ್ತೆ ಅಂತ ಚಿಕ್ಕಂದಿನಿಂದ ಕೇಳುತ್ತಿದ್ದೇನೆ. ಒಂದು ಸಲ "ಜೇಬು ಬೇಕು ಕಣಮ್ಮ, ಟೇಪು ಎಲ್ಲಿಡ್ಲಿ?" ಅಂದಳು. ಇನ್ನೊಂದು ಸಲ "ಫ್ಯಾನ್ ಗಾಳಿ ಆಗಾಕಿಲ್ಲ" ಅಂದಳು. ಮತ್ತೊಂದು ಸಲ "ನಿಂಗ್ಯಾಕೆ, ನಿನ್ ಗಂಡನ್ ಶರ್ಟಾ?" ಅಂತ ನನ್ನನ್ನೇ ಗದರಿಸಿದಳು. ಹಾಗಾದರೆ ಮಾವನದೇ? ಅದೂ ಅಲ್ಲ. ಮಾವ ಗುಂಡುಗುಂಡಾಗಿದ್ದವರು, ಆ ಶರ್ಟಿನ ಗುಂಡಿ ಅವರಿಗೆ ಹತ್ತುತ್ತಲೇ ಇರಲಿಲ್ಲ. ಅಪ್ಪನನ್ನು ಕೇಳಿದರೆ ಅವರು ಮಿಷಿನ್ನು ಜೋರಾಗಿ ತುಳಿಯುತ್ತಿದ್ದರು. ಕಾಲರು ಸವೆದಾಗ ಅತ್ತೆ ಅದನ್ನು ಬಿಚ್ಚಿ, ತಿರುವಿ ಹಾಕಿ ಹೊಲಿದಳು. ಕಫ್ಫು ಹೋದಾಗ ಹೊಸ ಕಫ್ಫು ಕೂರಿಸಿದಳು. ಶರ್ಟಿಗೆ ವಯಸ್ಸಾಗಲು ಅವಳು ಬಿಡಲೇ ಇಲ್ಲ!

ಈಗ ಸಿನಿಮಾಕ್ಕೆ ಬರೋಣ. ಅತ್ತೆ ನೋಡುವುದು ಸಿನಿಮಾ ಅಲ್ಲ, ಅದರ ಪ್ರಚಾರದ ಕಾರ್ಯಕ್ರಮ. ಬಿಡುಗಡೆಗೆ ಮೊದಲು ಸ್ಟೇಜು ಹಾಕಿ, ನಾಯಕ ನಾಯಕಿಯರನ್ನು ನಿಲ್ಲಿಸಿ ಮಾತಾಡಿಸುತ್ತಾರಲ್ಲ, ಅದು. ಫೋನನ್ನು ಮಿಷಿನ್ನಿಗೆ ಒರಗಿಸಿಟ್ಟು, ಸೌಂಡು ಪೂರ್ತಿ ಬಂದ್ ಮಾಡಿ ನೋಡುತ್ತಾಳೆ.

"ಮಾತು ಬೇಡ್ವಾ ಅತ್ತೆ?"

"ಮಾತೆಲ್ಲಾ ಒಂದೇ ಕಣಮ್ಮ. ಎಲ್ರೂ ಎಲ್ರಿಗೂ ಥ್ಯಾಂಕ್ಸ್ ಹೇಳ್ತಾರೆ. ಬಟ್ಟೆ ನೋಡು, ಬಟ್ಟೆ!"

ಹೀಗೆ ನೋಡಿ ನೋಡಿಯೇ ಅವಳಿಗೆ ಒಂದು ಅನುಮಾನ ಹತ್ತಿಕೊಂಡಿತು. ಹತ್ತಿಕೊಂಡದ್ದು ಬಿಡಲಿಲ್ಲ.

"ನೋಡೇ, ಆ ಹುಡ್ಗ ಹವಾಯಿ ಚಪ್ಲೀಲಿ ಬಂದ್ಬುಟ್ಟವ್ನೆ. ಇವ್ಳು ನೋಡು, ಧಾರೆಗೆ ಕೂರೋ ಹೆಣ್ಣಂಗೆ! ಇಬ್ರೂ ಒಂದೇ ಸಿನಿಮಾದೋರು ತಾನೆ? ಸಿನಿಮಾ ಒಳಗೆ ಅವ್ನು ಪಂಚೆ, ಇವ್ಳು ತುಂಡು ಲಂಗ. ಹೊರಗೆ ಬಂದ್ರೆ ಇವ್ಳು ಪಟ್ಟೆ ಸೀರೆ, ಅವ್ನು ಹರ್ದ ಪ್ಯಾಂಟು! ಯಾರಮ್ಮ ಮಾಡಿದ್ದು ಈ ರೂಲ್ಸು?"

ನನಗೇನು ಗೊತ್ತು? ಲೈಬ್ರರಿಯಲ್ಲಿ ಅದಕ್ಕೊಂದು ಪುಸ್ತಕವಿಲ್ಲ. ಅತ್ತೆ ಸುಮ್ಮನಿರುವವಳಲ್ಲ. ಪೋಸ್ಟರ್ ಅಂಟಿಸುವವನನ್ನು ಕೇಳಿದಳು, ಟಿಕೆಟ್ ಹರಿಯುವವನನ್ನು ಕೇಳಿದಳು, ಕೊನೆಗೆ ಥಿಯೇಟರ್ ಮ್ಯಾನೇಜರನ್ನೇ ತಡೆದು ನಿಲ್ಲಿಸಿದಳು.

"ಅದಿ ಅಂತೇ ಅಮ್ಮಾ," ಅಂದರಂತೆ ಮ್ಯಾನೇಜರು ತೆಲುಗಿನಲ್ಲಿ. "ಅಮ್ಮಾಯಿ ಪದ್ಧತಿಗಾ ಉಂಡಾಲಿ." ಅದು ಹಾಗೇ ಅಂತೆ, ಹುಡುಗಿ ಪದ್ಧತಿ ಪ್ರಕಾರ ಇರಬೇಕಂತೆ!

"ಮರಿ ಅಬ್ಬಾಯಿ?" ಹುಡುಗ ಹೇಗಿರಬೇಕು ಅಂತ ಅತ್ತೆಯ ಮರುಪ್ರಶ್ನೆ.

ಮ್ಯಾನೇಜರು ಬಹಳ ಹೊತ್ತು ಯೋಚನೆ ಮಾಡಿ, "ಅಬ್ಬಾಯಿ… ಅಬ್ಬಾಯಿ ಕದಾ!" ಅಂದು ಒಳಗೆ ಹೋಗಿಬಿಟ್ಟರಂತೆ. ಹುಡುಗ ಹುಡುಗನಲ್ಲವೇ, ಅವನಿಗೇನು!

ಸಂಶೋಧನೆ ಮುಂದುವರಿಯಿತು. ಅತ್ತೆ ಕಂಡುಹಿಡಿದ ಮುಖ್ಯ ಸಂಗತಿ ಏನೆಂದರೆ, ನಾಯಕಿಯರಿಗೆ ಜೇಬೇ ಇಲ್ಲ! ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಸೆರಗು, ಫೋನು ಯಾರದೋ ವಶದಲ್ಲಿ. ಅಂದಿನಿಂದ ಕಲ್ಯಾಣದುರ್ಗದ ಹೆಣ್ಣುಮಕ್ಕಳ ಬಟ್ಟೆಗೆಲ್ಲ ಕೇಳದಿದ್ದರೂ ಜೇಬು ಬೀಳತೊಡಗಿತು. ಚೂಡಿದಾರಕ್ಕೆ ಎರಡು, ನೈಟಿಗೆ ಎರಡು, ಒಳಲಂಗಕ್ಕೂ ಒಂದು. ಒಬ್ಬ ಮದುಮಗಳ ಲೆಹಂಗಾಕ್ಕೂ ಗುಟ್ಟಾಗಿ ಒಂದು ಇಟ್ಟು, ಹುಡುಗಿಯ ಕಿವಿಯಲ್ಲಿ ಹೇಳಿಯೂ ಬಿಟ್ಟಳು. ರಿಸೆಪ್ಷನ್ನಿನಲ್ಲಿ ಪುರೋಹಿತರು ಆಶೀರ್ವಾದ ಶುರು ಮಾಡುವಾಗ ಮದುಮಗಳ ಸೊಂಟದಿಂದ ಫೋನು ಹಾಡತೊಡಗಿತು! ಎಲ್ಲರೂ ಮದುಮಗನ ಕಡೆ ನೋಡಿದರು. ಜೇಬಿರುವುದು ಅವನಿಗೆ ತಾನೆ? ಪಾಪ, ಅವನು ತನ್ನ ಜೇಬುಗಳನ್ನೆಲ್ಲ ಹೊರಗೆಳೆದು ತೋರಿಸಬೇಕಾಯಿತು.

ಇಂಥ ಅತ್ತೆಯ ಪಕ್ಕದ ಥಿಯೇಟರಿಗೇ ಒಂದು ದಿನ ಸಿನಿಮಾದವರು ಬಂದುಬಿಟ್ಟರು! ಸಿನಿಮಾ ಚೆನ್ನಾಗಿ ಓಡುತ್ತಿದೆ ಅಂತ ಊರೂರು ಸುತ್ತಿ ಜನರಿಗೆ ಕೈಮುಗಿಯುವ ಪ್ರವಾಸವಂತೆ. ಮಧ್ಯಾಹ್ನದ ಆಟಕ್ಕೆ ಬರುವವರಿದ್ದರು. ಭಾನುವಾರ, ನಾನೂ ಅಲ್ಲೇ ಇದ್ದೆ. ರಸ್ತೆ ತುಂಬ ಜನ. ಅತ್ತೆ ಮಿಷಿನ್ನು ನಿಲ್ಲಿಸಿ ಸ್ಟೂಲು ಹತ್ತಿದಳು.

ನಾಯಕ ಮಂಡಿಯವರೆಗಿನ ಚಡ್ಡಿ, ಟೀಶರ್ಟು, ರಬ್ಬರ್ ಚಪ್ಪಲಿಯಲ್ಲಿ ಕಾರಿನಿಂದ ಜಿಗಿದ. ಶಿಳ್ಳೆಯೋ ಶಿಳ್ಳೆ! ಹಿಂದಿನಿಂದ ನಾಯಕಿ ಇಳಿದಳು. ಇಳಿದಳು ಅಂದರೆ ತಪ್ಪು, ಇಬ್ಬರು ಸೇರಿ ಇಳಿಸಿದರು. ನೆಲ ಗುಡಿಸುವ ಲೆಹಂಗಾ, ಮೈಗೆ ಅಂಟಿದ ಬ್ಲೌಸು. ಆ ಬಿಸಿಲಿಗೆ!

ಐದು ನಿಮಿಷ ಆಗಿರಲಿಲ್ಲ, ಕರಿ ಟೀಶರ್ಟಿನ ಸಹಾಯಕನೊಬ್ಬ ಅಂಗಡಿಗೆ ಓಡಿ ಬಂದ. "ಟೈಲರಮ್ಮಾ, ತೊಂದರಗಾ ರಂಡಿ!" ಬೇಗ ಬನ್ನಿ ಅಂತ. ನಾಯಕಿಯ ಬ್ಲೌಸಿನ ಜಿಪ್ಪು ಕಿತ್ತುಹೋಗಿತ್ತು. ಅತ್ತೆ ಸೂಜಿದಾರ ಜೇಬಿಗೆ ಹಾಕಿಕೊಂಡು ಹೊರಟಳು. ನಾನು ಕತ್ತರಿ ಹಿಡಿದು ಹಿಂದೆ.

ಮ್ಯಾನೇಜರ ಕೋಣೆಯಲ್ಲಿ ಆ ಹುಡುಗಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕಣ್ಣಲ್ಲಿ ನೀರು. ಅತ್ತೆ ಬಾಗಿಲು ಹಾಕಿ, ಬೆನ್ನು ತಿರುಗಿಸಿ ನೋಡಿ, ತನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿದಳು: "ಯಾವೋನಮ್ಮ ಇದನ್ನ ಹೊಲ್ದೋನು? ಉಸ್ರಾಡಾಕೆ ಜಾಗ ಬಿಟ್ಟಿಲ್ವಲ್ಲ!"

"ಬಿಡಬಾರದು ಅಂತಾನೇ ಹೇಳಿದ್ರಂತೆ ಆಂಟಿ. ಉಸಿರಾಡಿದ್ರೆ ಫೋಟೋದಲ್ಲಿ ಹೊಟ್ಟೆ ಕಾಣುತ್ತಂತೆ," ಅಂದಳು ಹುಡುಗಿ. ಮೈಸೂರಿನವಳಂತೆ! ಅತ್ತೆಗೆ ಸ್ವರ್ಗ ಮೂರೇ ಗೇಣು. ಇಷ್ಟು ವರ್ಷದ ಪ್ರಶ್ನೆಯನ್ನು ಕೇಳಬೇಕಾದವರ ಹತ್ತಿರವೇ, ಅದೂ ಕನ್ನಡದಲ್ಲಿ ಕೇಳುವ ಯೋಗ!

"ಅಲ್ಲ ಮಗ, ಆ ಹುಡ್ಗ ಚಡ್ಡೀಲಿ ಬಂದವ್ನೆ. ನೀನ್ಯಾಕೆ ಹಿಂಗೆ?"

"ಒಂದು ಸಲ ಸೀರೆ ಉಟ್ಟಿದ್ದೆ ಆಂಟಿ, ಇನ್ಮೇಲೆ ಅಕ್ಕನ ಪಾರ್ಟ್ ಕೊಡಿ ಅಂತ ಬರೆದ್ರು. ಇನ್ನೊಂದು ಸಲ ಜೀನ್ಸ್ ಹಾಕಿದ್ದೆ, ಸಿನಿಮಾ ಮೇಲೆ ಗೌರವ ಇಲ್ಲ ಅಂದ್ರು."

"ಚಡ್ಡಿ ಹಾಕಿದ್ರೆ ಅವ್ನಿಗೇನಂತಾರೆ?"

"ಸಿಂಪಲ್ ಅಂತಾರೆ."

ಅತ್ತೆ ಸೂಜಿ ಹಿಡಿದು ಜಿಪ್ಪಿನ ಕಡೆ ಬಗ್ಗಿದಳು. ಜಿಪ್ಪಿನ ಜೊತೆ ಬಟ್ಟೆಯೂ ಸೀಳಿತ್ತು. ಹೊಲಿಗೆ ಬಿಚ್ಚಿ ಅಗಲ ಮಾಡೋಣವೆಂದರೆ ಒಳಗೆ ಒಂದಿಷ್ಟೂ ಬಟ್ಟೆ ಬಿಟ್ಟಿರಲಿಲ್ಲ. ಹೊರಗೆ ಸಹಾಯಕ ಬಾಗಿಲು ಬಡಿಯುತ್ತಿದ್ದ, "ಟೈಮ್ ಅಯಿಂದಿ ಮೇಡಂ!" ಆಗ ಅತ್ತೆ ಮಾಡಿದ ಕೆಲಸ ನೋಡಿ ನಾನು ಕತ್ತರಿಯನ್ನು ಕಾಲ ಮೇಲೆ ಬೀಳಿಸಿಕೊಂಡೆ. ಅವಳು ಶರ್ಟಿನ ಗುಂಡಿ ಬಿಚ್ಚತೊಡಗಿದ್ದಳು!

ನನಗೆ ಬುದ್ಧಿ ಬಂದಾಗಿನಿಂದ ಅತ್ತೆಯ ತೋಳನ್ನು ನಾನು ಹಾಗೆ ಕಂಡವಳಲ್ಲ. ಶರ್ಟನ್ನು ಆ ಹುಡುಗಿಗೆ ತೊಡಿಸಿ, ತೋಳು ಮೊಣಕೈವರೆಗೆ ಮಡಿಸಿ, ಕಾಲರನ್ನು ಎರಡು ಬೆರಳಿನಿಂದ ಸರಿಮಾಡಿದಳು. ಬಾಗಿಲು ತೆಗೆದರೆ ಸಹಾಯಕ ಹೌಹಾರಿದ.

"ಪಾತ ಚೊಕ್ಕಾನಾ! ಪಬ್ಲಿಕ್ ಏಮಂಟಾರಮ್ಮಾ?" ಹಳೇ ಶರ್ಟು! ಜನ ಏನಂದಾರು?

"ಸಿಂಪಲ್ ಅಂಟಾರು!" ಅಂದಳು ಅತ್ತೆ.

ಹುಡುಗಿ ಸ್ಟೇಜು ಹತ್ತಿದಾಗ ಜನ ಒಂದು ಗಳಿಗೆ ತಬ್ಬಿಬ್ಬಾದರು. ಅವಳು ಫೋನನ್ನು ಎದೆಯ ಜೇಬಿಗಿಳಿಸಿ, ಎರಡೂ ಕೈಗಳನ್ನು ಮೇಲೆತ್ತಿ ಬೀಸಿದಳು. ಶಿಳ್ಳೆ ಹೊಡೆದವರ ಸದ್ದಿಗೆ ನನ್ನ ಕಿವಿ ಗುಯ್‌ಗುಟ್ಟಿತು! ಅತ್ತೆ ಮಾತ್ರ ಪರದೆಯ ಪಕ್ಕ ನಿಂತು, "ತೋಳು ಮೇಲೆತ್ತಿದ್ರೂ ಕಂಕ್ಳಲ್ಲಿ ಎಳೀಲಿಲ್ಲ ನೋಡ್ದಾ?" ಅನ್ನುತ್ತಿದ್ದಳು. ಆಮೇಲೆ ನೂಕುನುಗ್ಗಲು, ಪೊಲೀಸರು, ಕಾರು. ಶರ್ಟು ಕಾರಿನಲ್ಲೇ ಹೊರಟುಹೋಯಿತು.

"ಹೋಗ್ಲಿ ಬಿಡು," ಅಂದಳು ಅತ್ತೆ. ಆದರೆ ಅಂಗಡಿಗೆ ಬಂದು ಟೇಪು ಇಡಲು ಎದೆಯ ಹತ್ತಿರ ಕೈ ಒಯ್ದು, ಜೇಬಿಲ್ಲದೆ ಟೇಪನ್ನು ಕೈಗೆ ಸುತ್ತಿಕೊಂಡಳು.

ಸಂಜೆಗೆಲ್ಲ ಆ ವಿಡಿಯೋ ಎಲ್ಲರ ಫೋನಿಗೂ ಬಂತು. ಮಾರನೆಯ ಬೆಳಿಗ್ಗೆ ಅಪ್ಪ ನನಗೆ ಫೋನು ಮಾಡಿ, "ನಿಮ್ಮತ್ತೇನ ಕರ್ಕಂಬಾ" ಅಂದರು. ಅಷ್ಟೇ. ನಾನು ಹೇಳಿದ್ದು ಕೇಳಿ ಅತ್ತೆಯ ಮುಖ ಸಣ್ಣದಾಯಿತು.

ಹಿಂದೂಪುರದ ಬಸ್ಸು ಪೆನುಕೊಂಡ ದಾಟಿತು. ಆಮೇಲೆ ಅತ್ತೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು.

"ಅದು ನಿಮ್ಮಪ್ಪಂಗೆ ಹೊಲ್ದಿದ್ ಶರ್ಟು ಕಣಮ್ಮ. ನಂಗಾಗ ಹದ್ನೆಂಟು. ನಿಮ್ ತಾತ ಅಣ್ಣಂಗೆ ಶರ್ಟು ಕಟಿಂಗು ಕಲಿಸ್ದ, ನಂಗೆ ಕಾಜ ಹೊಲ್ಯೋದು, ಗುಂಡಿ ಹಾಕೋದು ಅಷ್ಟೇ. ಗಂಡಸ್ರ ಮೈ ಅಳ್ತೆ ಹೆಣ್ಣು ಹಿಡೀಬಾರ್ದು ಅಂದ. ನಾನು ತಂತಿ ಮೇಲೆ ಒಣಗ್ತಿದ್ದ ಅಣ್ಣನ್ ಶರ್ಟಿನ ಅಳ್ತೆ ತಗಂಡು ಕದ್ದು ಹೊಲ್ದೆ. ಅಣ್ಣಂಗೆ ಕೊಟ್ರೆ, ಹೆಂಗ್ಸು ಹೊಲ್ದ ಶರ್ಟು ಹಾಕ್ಕಂಡು ಜೆಂಟ್ಸ್ ಅಂಗ್ಡೀಲಿ ಕೂತ್ರೆ ಗಿರಾಕಿಗಳು ನಗಲ್ವಾ ಅಂದ್ಬುಟ್ಟ. ಮಡಿಸಿ ವಾಪಸ್ ಕೊಟ್ಟ." ಸೆರಗಿನಿಂದ ಮುಖ ಒರೆಸಿಕೊಂಡಳು. "ಹೊಲ್ದಿದ್ದು ಮೈ ಮೇಲಿರ್ಬೇಕು, ಪೆಟ್ಟಿಗೇಲಲ್ಲ. ಅದ್ಕೇ ನಾನೇ ಹಾಕ್ಕಂಡೆ. ಈಗ ಅದೂ ಇಲ್ಲ. ಇನ್ನೇನಂತಾನೋ."

ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಸೋಮಂದೇಪಲ್ಲಿ ಬಂದರೂ ಆ ಸಿಟ್ಟು ಇಳಿಯಲಿಲ್ಲ. ಅತ್ತೆಯನ್ನು ಏನಾದರೂ ಅಂದರೆ ಗಿರಾಕಿಗಳ ಮುಂದೆಯೇ ಜಗಳ ಆಡುವುದೆಂದು ಮಾತುಗಳನ್ನೂ ಜೋಡಿಸಿಟ್ಟುಕೊಂಡೆ.

ಅಂಗಡಿಯಲ್ಲಿ ಮೂರು ಜನ ಗಿರಾಕಿಗಳಿದ್ದರು. ಅಪ್ಪ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದರು. ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿದ್ದರು. ನಾಯಕಿಯ ಮುಖ ಎಲ್ಲೂ ಇಲ್ಲ! ಕಾಲರೊಂದೇ.

"ರಾತ್ರಿಯಿಂದ ಇದನ್ನೇ ನೋಡ್ತಿವ್ನಿ," ಅಂದರು ಅತ್ತೆಯ ಕಡೆ ತಲೆ ಎತ್ತದೆ. "ತಿರುವಿ ಹಾಕಿದ ಕಾಲರು ಇಂಗೆ ಕೂರ್ತದಾ? ಎರಡು ತುದೀನೂ ಒಂದೇ ಸಮ ಐತೆ. ನಲವತ್ತು ವರ್ಸ ಆಯ್ತು ಅಂಗ್ಡೀಲಿ ಕೂತು, ನನ್ ಕೈಲಿ ಇಂಗೆ ಕೂರ್ಸಾಕೆ ಆಗಿಲ್ಲಮ್ಮ."

ನಾನು ಜೋಡಿಸಿಟ್ಟುಕೊಂಡ ಜಗಳವೆಲ್ಲ ದಂಡವಾಗಿ ಹೋಯಿತು.

ಅಪ್ಪ ಮಿಷಿನ್ನಿನಿಂದ ಎದ್ದರು. ಊಟಕ್ಕೆ ಕೂತಾಗಲೂ ಕೊರಳಿನಿಂದ ತೆಗೆಯದ ಟೇಪನ್ನು ತೆಗೆದು ತಂಗಿಯ ಕೈಗಿಟ್ಟರು. ಗಿರಾಕಿಗಳ ಮುಂದೆ, ಬೀದಿಗೆ ಕಾಣುವ ಹಾಗೆ, ಎರಡೂ ತೋಳುಗಳನ್ನು ಅಗಲವಾಗಿ ಎತ್ತಿ ನಿಂತರು.

"ಆಗ ಹಾಕ್ಕಣಲಿಲ್ಲ, ತಪ್ಪಾಯ್ತು," ಅಂದರು. "ಈಗೊಂದು ಹೊಲ್ಕೊಡು."

ಅತ್ತೆ ಟೇಪನ್ನು ಅಣ್ಣನ ಎದೆಗೆ ಸುತ್ತಿದಳು. ಅವಳ ಕಣ್ಣು ತುಂಬಿ ನಂಬರು ಕಾಣುತ್ತಿರಲಿಲ್ಲ, ನಾನೇ ಬಗ್ಗಿ ಓದಿ ಹೇಳಬೇಕಾಯಿತು. ಅಪ್ಪ ಹೊಟ್ಟೆಯನ್ನು ಒಳಗೆಳೆದುಕೊಂಡು ಬಿಗಿಯಾಗಿ ನಿಂತಿದ್ದರು.

"ಉಸ್ರು ಬಿಡಣ್ಣ," ಅಂದಳು ಅತ್ತೆ, ಅವರ ಬೆನ್ನಿಗೊಮ್ಮೆ ಮೆಲ್ಲಗೆ ತಟ್ಟಿ. "ನಾನು ಜಾಗ ಬಿಟ್ಟು ಹೊಲಿತೀನಿ."