ಇಪ್ಪತ್ತಮೂರನೆಯ ಜೋಡಿ

ಧೈರ್ಯದ ವಿಷಯದಲ್ಲಿ ನಾನು ಕರಿಹಲಗೆಯ ಹುಲಿ. ಕೈಯಲ್ಲಿ ಸೀಮೆಸುಣ್ಣ, ಎದುರಿಗೆ ಅರವತ್ತು ಮಕ್ಕಳಿದ್ದರೆ ಬ್ರಹ್ಮನ ಲೆಕ್ಕವನ್ನೂ ತಿದ್ದಬಲ್ಲೆ. ಮನೆಯ ಹೊಸಿಲು ದಾಟಿದೆನೋ, ಮುಗಿಯಿತು. ಅವ್ವನ ಮುಂದೆ ನನ್ನ ಬಾಯಿಗೆ ಬೀಗ.

ಎಂಬತ್ತರ ದಶಕದ ಆರಂಭದಲ್ಲಿ ನಾನು ಹೊನ್ನಾಳಿಯ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಒಂದು ಬೇಸಿಗೆ ರಜೆಯಲ್ಲಿ ನಮ್ಮನ್ನೆಲ್ಲ ತರಬೇತಿಗೆ ಕರೆದಿದ್ದರು. ಅಲ್ಲೊಬ್ಬ ಡಾಕ್ಟರು ವರ್ಣತಂತುಗಳ ಫೋಟೋ ತೋರಿಸಿದರು. ಒಂದಿಷ್ಟು ರಕ್ತದಿಂದ ತೆಗೆದದ್ದಂತೆ. ನಲವತ್ತಾರನ್ನೂ ಕತ್ತರಿಯಲ್ಲಿ ಕತ್ತರಿಸಿ, ಜೋಡಿ ಜೋಡಿ ಮಾಡಿ ಅಂಟಿಸಿದ್ದರು. ಕೆಲವು ಮಕ್ಕಳ ಬುದ್ಧಿ ಯಾಕೆ ನಿಧಾನ, ಕೆಲವರಿಗೆ ಗರ್ಭ ಯಾಕೆ ನಿಲ್ಲುವುದಿಲ್ಲ ಎಂಬುದು ಅದರಲ್ಲೇ ಗೊತ್ತಾಗುತ್ತದಂತೆ. "ಎಷ್ಟೋ ಮನೇಲಿ ಈ ಫೋಟೋ ನೋಡಿದ ಮೇಲೇ ಸೊಸೆ ಮೇಲಿನ ಅಪವಾದ ಇಳಿಯೋದು ಕಣ್ರೀ" ಎಂದರು. ನಾನು ತಲೆದೂಗಿ ನೋಟ್ಸ್ ಬರೆದುಕೊಂಡೆ. ಕೊನೆಯ, ಅಂದರೆ ಇಪ್ಪತ್ತಮೂರನೆಯ ಜೋಡಿಯಲ್ಲಿ ಹೆಂಗಸಿಗೆ ಎರಡೂ ಎಕ್ಸ್. ಗಂಡಸಿಗೆ ಒಂದು ಎಕ್ಸ್, ಪಕ್ಕದಲ್ಲೊಂದು ಮೋಟು ವೈ. ತಂದೆ ವೈ ಕೊಟ್ಟರೆ ಗಂಡು, ಎಕ್ಸ್ ಕೊಟ್ಟರೆ ಹೆಣ್ಣು. ವರ್ಷವರ್ಷವೂ ಇದನ್ನು ಗಂಟಲು ಹರಿಯುವಂತೆ ಪಾಠ ಮಾಡಿದೆ.

ಮನೆಯಲ್ಲಿ ಮಾತ್ರ ಮಾಡಲಿಲ್ಲ. ನನ್ನ ಹೆಂಡತಿ ಗಿರಿಜೆ ಮೂರನೆಯ ಹೆಣ್ಣು ಹೆತ್ತಾಗ ಅವ್ವ, "ಇವಳ ಹೊಟ್ಟೇಲಿ ಗಂಡಿಲ್ಲ ಬಿಡು" ಎಂದು ತೀರ್ಪು ಕೊಟ್ಟಳು. ಸಾಸ್ವೆಹಳ್ಳಿಯ ತನ್ನ ತಮ್ಮನ ಮಗಳನ್ನು ನನಗೆ ಎರಡನೆಯವಳಾಗಿ ತರುವುದೆಂದೂ ತಾನೇ ಗೊತ್ತುಮಾಡಿದಳು. "ಸರ್ಕಾರಿ ನೌಕರಿ ಹೋಗ್ತದೆ ಅವ್ವಾ" ಎಂದೆ. ಕಾರಣ ಅವಳಲ್ಲ, ನಾನು ಎನ್ನಲಿಲ್ಲ. ಗಿರಿಜೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೇಷ್ಟ್ರ ಮನೆಗಳಲ್ಲೊಂದು ಪದ್ಧತಿ ಉಂಟು: ಗಂಡ ಉತ್ತರಪತ್ರಿಕೆ ತಿದ್ದುವುದು, ಹೆಂಡತಿ ಅಂಕ ಕೂಡುವುದು. ಕೂಡುವವಳು ಉತ್ತರ ಓದುವುದಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಕಟ್ಟು ಬಂದಿತ್ತು. ಅಂದೇ ಬೆಳಿಗ್ಗೆ ಅವ್ವ ಎಲೆಯಡಿಕೆ, ಕುಪ್ಪಸದ ಕಣ ಚೀಲಕ್ಕೆ ತುಂಬಿ, ಮಾತು ಪಕ್ಕಾ ಮಾಡಲು ಸಾಸ್ವೆಹಳ್ಳಿ ಬಸ್ಸಿಗೆ ಹೊರಟು ನಿಂತಿದ್ದಳು. ಒಂದೇ ಪ್ರಶ್ನೆಗೆ ಎಲ್ಲರಿಗೂ ಎರಡಕ್ಕೆ ಎರಡು ಬಿದ್ದದ್ದು ಕಂಡು ಗಿರಿಜೆಗೆ ಕುತೂಹಲವಾಯಿತು. ಓದಿದಳು.

"ಮಗು ಗಂಡಾಗಾಕೂ ಹೆಣ್ಣಾಗಾಕೂ ತಂದೇನೇ ಕಾರಣ ಅಂತ ಬರ್ದಾರೆ. ಹೌದೇನ್ರೀ?"

"ಪರೀಕ್ಷೆ ಮಟ್ಟಿಗೆ ಹೌದು" ಎಂದೆ.

ಅಯ್ಯೋ, ಅವಳ ಮುಖ ನೋಡಬೇಕಿತ್ತು! ಕಟ್ಟು ಎತ್ತಿಕೊಂಡು ಪಡಸಾಲೆಗೆ ಹೋದಳು. "ಅತ್ತೇರೆ, ಬಸ್ಸಿಗಿನ್ನೂ ಹೊತ್ತೈತೆ, ಕೂತ್ಕಳ್ರಿ" ಎಂದವಳೇ ಒಂದಾದ ಮೇಲೊಂದು ಹನ್ನೊಂದು ಪತ್ರಿಕೆಯ ಆ ಉತ್ತರವನ್ನು ಗಟ್ಟಿಯಾಗಿ ಓದಿದಳು. ಅವ್ವ ನನ್ನತ್ತ ತಿರುಗಿದಳು.

"ಇದಕ್ಕೆ ರೈಟ್ ಹಾಕ್ದೋರು ಯಾರು?"

"ನಾನೇ."

"ಕೆಂಪು ಶಾಯೀಲಿ?"

"ಹೂಂ."

ಕೆಂಪು ಶಾಯಿಯ ಮೇಲೆ ಅವ್ವನಿಗೆ ಕೋರ್ಟಿನ ಮೊಹರಿನಷ್ಟೇ ನಂಬಿಕೆ. ಚೀಲ ಕೆಳಗಿಟ್ಟಳು. "ಹಂಗಾದ್ರೆ ನಿನಗೆ ಇನ್ನೊಬ್ಬಳನ್ನ ತಂದು ಏನ್ ಮಾಡಾಕೈತೆ? ತರಾದಾದ್ರೆ ಇವಳಿಗೇ ಇನ್ನೊಂದು ಗಂಡು ತರ್ಬೇಕು!"

ಗಿರಿಜೆ ಎಷ್ಟೋ ತಿಂಗಳ ಮೇಲೆ ನಕ್ಕಳು. ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕುಪ್ಪಸದ ಕಣ ಅವಳಿಗೇ ಸೇರಿತು.

ಅಂದಿನಿಂದ ಅವ್ವ ವರ್ಣತಂತುವಿನಲ್ಲಿ ನನಗಿಂತ ದೊಡ್ಡ ಪಂಡಿತೆ. ಮಕ್ಕಳು ಹಟ ಮಾಡಿದರೆ, "ಅದು ಅವರಪ್ಪನ ತಂತು." ಹಿರಿಯವಳು ತರಗತಿಗೇ ಮೊದಲು ಬಂದರೆ, "ಅದು ಅವರವ್ವಂದು." ಅರ್ಧರ್ಧ ಇಬ್ಬರದೂ ಎಂದು ವಿಜ್ಞಾನದ ಮೇಷ್ಟ್ರಾಗಿ ನಾನು ತಿದ್ದಬೇಕಿತ್ತು. ಬಾಯಿ ತೆರೆದೆ ಕೂಡ. ಗಿರಿಜೆ ಅಂಕ ಕೂಡುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದಳು. ಆಗಲೂ ಸುಮ್ಮನಾದೆ.